ನುಡಿಯಲ್ಲಿ ಬರೆದ ಕಡತಗಳನ್ನು ಉಬುಂಟುವಿಗೆ ಒಯ್ಯುವುದು ಹೇಗೆ?

ಪ್ರಶ್ನೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ, ಮಗನ ಸಲಹೆಯಂತೆ ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ಉಬುಂಟು ಎಂಬ ತಂತ್ರಾಂಶ ಇರುವ ಬೇರೊಂದು ಕಂಪ್ಯೂಟರ್ ಕೊಂಡಿದ್ದೇನೆ. ಹಳೆಯದರಲ್ಲಿ ಫೋಟೊ, ವಿಡಿಯೊಗಳಲ್ಲದೆ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಪಾಠ ಟಿಪ್ಪಣಿಗಳಿವೆ. ಒಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ತೆರೆದರೆ ಕನ್ನಡವೇ ಕಾಣಲಿಲ್ಲ. ಕಡತ ಕೆಟ್ಟುಹೋಗಿದೆಯೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಕಡತ ಕೆಟ್ಟಿಲ್ಲ, ನಿಶ್ಚಿಂತೆಯಿಂದಿರಿ. ನುಡಿಯ ಹಳೆಯ ಫಾಂಟ್‌ಗಳು ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಹೀಗಾಗಿ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದವೇ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ ಎಂದು ಸಾಲುಗಟ್ಟಿ ಕಾಣುತ್ತದೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟ್‌ಗಳನ್ನು ನಕಲು ಮಾಡಿಕೊಂಡು ಉಬುಂಟುವಿನಲ್ಲಿ ಸ್ಥಾಪಿಸಿ, ಕಡತವನ್ನು ಬರಹದ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ತೆರೆದರೆ ಅಕ್ಷರಗಳು ಮೊದಲಿನಂತೆ ಕಾಣುತ್ತವೆ.

ಆದರೆ ಇದು ತಾತ್ಕಾಲಿಕ ಪರಿಹಾರ. ಅಂಥ ಕಡತದಲ್ಲಿ ಕನ್ನಡ ಪದವೊಂದನ್ನು ಹುಡುಕಲಾಗದು, ಮೊಬೈಲಿನಲ್ಲಿ ಓದಲಾಗದು. ಆದ್ದರಿಂದ ಹಳೆಯ ಕಂಪ್ಯೂಟರ್ ನಡೆಯುತ್ತಿರುವಾಗಲೇ ಟಿಪ್ಪಣಿಗಳನ್ನೆಲ್ಲ ಪರಿವರ್ತಕ ತಂತ್ರಾಂಶದ ಮೂಲಕ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಸಾರ್ವತ್ರಿಕ ವ್ಯವಸ್ಥೆಯಾದ ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕೆಂಬುದು ನನ್ನ ಒತ್ತಾಯದ ಸಲಹೆ. ಹಳೆಯ ಕಡತಗಳಲ್ಲಿ ಕನ್ನಡ, ಇಂಗ್ಲಿಷ್ ಎರಡಕ್ಕೂ ಸಂಕೇತಗಳು ಒಂದೇ ಆಗಿರುವುದರಿಂದ, ನಡುವೆ ಬರುವ ಇಂಗ್ಲಿಷ್ ಪದಗಳನ್ನು ಪರಿವರ್ತಕವು ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸಬಹುದು; ಅರ್ಕಾವತ್ತು, ಒತ್ತಕ್ಷರಗಳಿರುವೆಡೆಯೂ ತಪ್ಪು ನುಸುಳುವುದುಂಟು. ಹಾಗಾಗಿ ಮೂಲ ಕಡತವನ್ನು ಅಳಿಸದೆ, ಅದರ ಪಿಡಿಎಫ್ ಪ್ರತಿಯೊಂದನ್ನು ಹಳೆಯ ಕಂಪ್ಯೂಟರಿನಲ್ಲೇ ಮಾಡಿಟ್ಟುಕೊಂಡು, ಪರಿವರ್ತನೆಯಾದ ಪಠ್ಯವನ್ನು ಅದರೊಂದಿಗೆ ಹೋಲಿಸಿ ತಿದ್ದಿರಿ. ಬೇಸರದ ಕೆಲಸ ನಿಜ, ಆದರೆ ವರ್ಷಗಟ್ಟಲೆ ಬರೆದ ಪಾಠಗಳಿಗೆ ಅಷ್ಟು ಶ್ರಮ ಸಲ್ಲಬೇಕು.

ಫೋಟೊ, ವಿಡಿಯೊಗಳಿಗೆ ಈ ತೊಡಕಿಲ್ಲ. ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಶೇಖರಣಾ ಮಾದರಿಯದಾಗಿದ್ದರೆ 4 ಜಿಬಿಗಿಂತ ದೊಡ್ಡ ವಿಡಿಯೊ ಅದರಲ್ಲಿ ಹಿಡಿಯುವುದಿಲ್ಲ. ಅದರೊಳಗಿನದನ್ನು ಬೇರೆಡೆ ಉಳಿಸಿಕೊಂಡು ಎಕ್ಸ್‌ಫ್ಯಾಟ್ ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್, ಉಬುಂಟು, ಮ್ಯಾಕ್ ಮೂರರಲ್ಲೂ ಓದಲು, ಬರೆಯಲು ಬರುತ್ತದೆ. ಹಳೆಯ ಹಾರ್ಡ್‌ಡಿಸ್ಕನ್ನೇ ಕಳಚಿ ಹೊಸದಕ್ಕೆ ಜೋಡಿಸುವುದಾದರೆ, ಮೊದಲು ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ವಿಂಡೋಸನ್ನು ಶಟ್‌ಡೌನ್ ಮಾಡಿ. ಬೇಗ ಶುರುವಾಗಲೆಂದು ವಿಂಡೋಸ್ ಸಾಮಾನ್ಯವಾಗಿ ಅರೆನಿದ್ರೆಯ ಸ್ಥಿತಿಯಲ್ಲಿ ನಿಲ್ಲುವುದರಿಂದ, ಉಬುಂಟು ಆ ಡಿಸ್ಕನ್ನು ತೆರೆಯಲು ನಿರಾಕರಿಸಬಹುದು ಇಲ್ಲವೇ ಓದುವುದಕ್ಕೆ ಮಾತ್ರ ಬಿಡಬಹುದು.

ನಕಲು ಮುಗಿದ ಮೇಲೆ ಎರಡೂ ಕಡೆಯ ಕಡತಗಳ ಸಂಖ್ಯೆ ಮತ್ತು ಗಾತ್ರವನ್ನು ತಾಳೆ ನೋಡಿ, ಅಲ್ಲೊಂದು ಇಲ್ಲೊಂದು ತೆರೆದು ಪರೀಕ್ಷಿಸುವವರೆಗೆ ಹಳೆಯದನ್ನು ಅಳಿಸಬೇಡಿ. ಇನ್ನು ಮುಂದಿನ ಬರವಣಿಗೆಗೆ ಉಬುಂಟುವಿನ ಕೀಬೋರ್ಡ್ ಆಯ್ಕೆಗಳಲ್ಲಿ ಕನ್ನಡದ ‘ಕಗಪ’ ವಿನ್ಯಾಸವನ್ನು ಆರಿಸಿಕೊಳ್ಳಿ. ನುಡಿಯಲ್ಲಿ ನಿಮಗೆ ರೂಢಿಯಾಗಿರುವ ಕೀಲಿಗಳು ಬಹುಮಟ್ಟಿಗೆ ಅಲ್ಲಿಯೂ ಅದೇ ಜಾಗದಲ್ಲಿವೆ, ಮತ್ತು ಅಲ್ಲಿ ಬರೆದದ್ದೆಲ್ಲ ನೇರವಾಗಿ ಯುನಿಕೋಡ್‌ನಲ್ಲೇ ಇರುತ್ತದೆ.