ಸಂಬಳ ಏರಿದರೆ ನೆಮ್ಮದಿಯೂ ಏರುತ್ತಾ?

ಪ್ರಶ್ನೆ: ಮೈಸೂರಿನಲ್ಲಿ ಅಕೌಂಟೆಂಟ್ ಆಗಿದ್ದೇನೆ, ಸಂಬಳ 38 ಸಾವಿರ. ಬೆಂಗಳೂರಿನಲ್ಲಿ 60 ಸಾವಿರದ ಕೆಲಸ ಸಿಕ್ಕಿದೆ. ಇನ್ನೂ ಒಳ್ಳೆಯದು ಸಿಗಬಹುದು ಅಂತ ದಿನಾ ಹುಡುಕುತ್ತಲೇ ಇದ್ದೇನೆ. ಅಪ್ಪ ‘ದುಡ್ಡಿನಿಂದ ಸುಖ ಬರಲ್ಲ’ ಅಂತಾರೆ. ನಿಜಾನಾ?
– ಓದುಗ, ಮೈಸೂರು

ಉತ್ತರ: ಅಪ್ಪನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತಿಂಗಳ ಕೊನೆಗೆ ಅಮ್ಮನ ಬಿಪಿ ಮಾತ್ರೆಗೂ ಪಕ್ಕದ ಮನೆಯಲ್ಲಿ ಕೈಚಾಚಿದ ದಿನಗಳನ್ನು ಕಂಡವಳು ನಾನು. ಅಂಥ ಮನೆಗೆ ದುಡ್ಡು ಬಂದರೆ ನೆಮ್ಮದಿ ಖಂಡಿತ ಬರುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನನಿತ್ಯದ ಖುಷಿ ಹೆಚ್ಚುವುದಿಲ್ಲ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ 2010ರಲ್ಲಿ ಹೇಳಿದ್ದರು. 2023ರಲ್ಲಿ ಅವರೇ ಇತರರ ಜೊತೆ ಸೇರಿ ಮತ್ತೆ ನೋಡಿದಾಗ, ಹೆಚ್ಚಿನವರಿಗೆ ಆ ಮೊತ್ತ ದಾಟಿದ ಮೇಲೂ ಖುಷಿ ಏರುತ್ತಿತ್ತು.

ನನಗೆ ಚಿಂತೆ ನಿಮ್ಮ ಈ ‘ಇನ್ನೂ ಒಳ್ಳೆಯದು’ ಹುಡುಕಾಟದ್ದು. ಜನ ಹೇಗೆ ಆಯ್ಕೆ ಮಾಡುತ್ತಾರೆ ಎಂದು ಅಧ್ಯಯನ ಮಾಡುವ ಶೀನಾ ಅಯ್ಯಂಗಾರ್ ಮತ್ತು ಸಂಗಡಿಗರು ಓದು ಮುಗಿಸಿ ಕೆಲಸ ಹುಡುಕುವವರನ್ನು ಗಮನಿಸಿ, 2006ರಲ್ಲಿ ಬರೆದರು: ಎಲ್ಲಕ್ಕಿಂತ ಉತ್ತಮವಾದದ್ದೇ ಬೇಕು ಎಂದವರಿಗೆ ಸಂಬಳ ಶೇ 20ರಷ್ಟು ಜಾಸ್ತಿ ಸಿಕ್ಕಿತು, ತೃಪ್ತಿ ಮಾತ್ರ ಕಡಿಮೆ. ಸಿಕ್ಕ ಮೇಲೂ ಬಿಟ್ಟದ್ದರ ಕಡೆಗೇ ಮನಸ್ಸು, ಅಲ್ವಾ?

ಹುಡುಕಾಟಕ್ಕೆ ಒಂದು ಗಡುವು ಹಾಕಿ. ಜಾಸ್ತಿ ಬರುವ 22 ಸಾವಿರದಲ್ಲಿ ಬಾಡಿಗೆ, ಅಡ್ವಾನ್ಸ್, ಊಟ, ಓಡಾಟ ಕಳೆದು ಎಷ್ಟು ಉಳಿಯುತ್ತದೆ, ಅದು ಯಾವುದಕ್ಕೆ ಬೇಕು ಅಂತ ಬರೆದಿಡಿ. ತಂಗಿಯ ಓದಿಗೋ ಮನೆಸಾಲಕ್ಕೋ ಆದರೆ ಧೈರ್ಯವಾಗಿ ಹೋಗಿ. ಹೋಗುವುದಾದರೆ ಆಫೀಸಿನ ಹತ್ತಿರವೇ ಮನೆ ಮಾಡಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.