ಬಾನೆಟ್ ಎತ್ತಿ ನೋಡಿ: ಏರ್ ಫಿಲ್ಟರ್ ಕುರಿತ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಏರ್ ಫಿಲ್ಟರಿನವು. ಬೇಸಿಗೆಯ ಧೂಳೂ ಎದ್ದಿದೆ, ಸರ್ವಿಸ್ ಬಿಲ್ಲೂ ಏರಿದೆ, ಹಾಗಾಗಿ ಆಶ್ಚರ್ಯವಿಲ್ಲ. ಸಂಡೂರಿನ ಕಡೆಯ ಶಿಕ್ಷಕಿಯೊಬ್ಬರು ಕೇಳಿದ್ದರಲ್ಲಿ ಉಳಿದವರ ಪ್ರಶ್ನೆಗಳೂ ಬಹುಪಾಲು ಸೇರಿವೆ. ಅವರಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ, ಮಿಕ್ಕವರು ಬೇಸರಿಸಬಾರದು.

ಪ್ರಶ್ನೆ: ಅದಿರು ಲಾರಿಗಳು ಓಡುವ ರಸ್ತೆಯಲ್ಲೇ ದಿನವೂ ಶಾಲೆಗೆ ಹೋಗಿಬರುತ್ತೇನೆ. ನನ್ನದು ಹಳೆಯ ಸಣ್ಣ ಪೆಟ್ರೋಲ್ ಕಾರು. ಪ್ರತಿ ಸರ್ವಿಸಿನಲ್ಲೂ ‘ಏರ್ ಫಿಲ್ಟರ್ ಕೆಂಪಾಗಿತ್ತು, ಬದಲಿಸಿದ್ದೇವೆ’ ಎಂದು ಬಿಲ್ಲಿನಲ್ಲಿ ಸೇರಿಸುತ್ತಾರೆ. ತೆಗೆದ ಫಿಲ್ಟರನ್ನು ತೋರಿಸುವುದಿಲ್ಲ. ಇದನ್ನು ಮನೆಯಲ್ಲೇ ಬದಲಿಸಬಹುದೇ? ಸ್ಟೆಪ್ನಿ ಹಾಕುವುದು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. (ಶಿಕ್ಷಕಿ, ಸಂಡೂರು ತಾಲ್ಲೂಕು)

ಉತ್ತರ: ಸ್ಟೆಪ್ನಿ ಹಾಕಬಲ್ಲವರಿಗೆ ಇದೇನು ದೊಡ್ಡ ಕೆಲಸ ಮೇಡಂ? ಜಾಕ್ ಬೇಡ, ಬಲ ಬೇಡ, ಕೈಗೆ ಗ್ರೀಸ್ ಕೂಡ ಅಂಟುವುದಿಲ್ಲ. ಹಳೆಯ ಫಿಲ್ಟರ್ ತೋರಿಸದಿದ್ದರೆ ಕೇಳಿ ಪಡೆಯಿರಿ. ಹೊಸದಕ್ಕೆ ಹಣ ಕೊಟ್ಟವರು ನೀವು, ತೆಗೆದದ್ದೂ ನಿಮ್ಮದೇ. ಕಾರು ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ‘ತೆಗೆದ ಭಾಗಗಳನ್ನು ಹಿಂತಿರುಗಿಸಬೇಕು’ ಎಂದು ಬರೆಸಿ. ಆ ಒಂದು ಸಾಲಿಗೆ ಬಿಲ್ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ.

ಮೊದಲು ಒಂದು ಗೊಂದಲ ಕಳೆಯೋಣ. ಕಾರಿನಲ್ಲಿ ಗಾಳಿ ಸೋಸುವ ಫಿಲ್ಟರುಗಳು ಎರಡು. ಒಂದು ಎಂಜಿನ್ನಿನದು, ಬಾನೆಟ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇರುತ್ತದೆ. ಇನ್ನೊಂದು ಎಸಿಯದು, ಹೆಚ್ಚಿನ ಕಾರುಗಳಲ್ಲಿ ಮುಂದಿನ ಎಡ ಸೀಟಿನ ಎದುರಿನ ಗ್ಲೌ ಬಾಕ್ಸಿನ ಹಿಂದೆ ಇರುತ್ತದೆ. ಒಂದು ನಿಮ್ಮ ಮೂಗಿಗೆ, ಇನ್ನೊಂದು ಎಂಜಿನ್ನಿನ ಮೂಗಿಗೆ. ಬಿಲ್ಲಿನಲ್ಲಿ ಬರಿದೇ ‘ಫಿಲ್ಟರ್’ ಎಂದಿದ್ದರೆ ಯಾವುದೆಂದು ಕೇಳಿ.

ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆಂದು ತಿಳಿದರೆ ಈ ಕಾಗದದ ಫಿಲ್ಟರಿನ ಬೆಲೆ ಅರ್ಥವಾಗುತ್ತದೆ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಹೆಚ್ಚುಕಡಿಮೆ 14.7 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕಕ್ಕೆ ತಂದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಮನೆಯ ತಾರಸಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕಿನಷ್ಟು ಗಾಳಿ, ಒಂಬತ್ತು ಸಲ. ಅಷ್ಟೂ ಗಾಳಿ ಅದಿರು ಲಾರಿಯ ಹಿಂದಿನಿಂದ ಬರುವಂಥದ್ದು. ಅದರಲ್ಲಿರುವ ಮರಳಿನ ನುಣ್ಣನೆಯ ಕಣಗಳು ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಕಣ್ಣಿಗೆ ಬೀಳುವ ಕಸಕ್ಕಿಂತ ಕಾಣದ ಹತ್ತಿಪ್ಪತ್ತು ಮೈಕ್ರಾನಿನ ಧೂಳೇ ಪಿಸ್ಟನ್ ರಿಂಗುಗಳನ್ನು ತೇಯುವುದು.

ಇನ್ನು ಕೆಲಸಕ್ಕೆ ಬರೋಣ. ಅಂಗಡಿಗೆ ಹೋಗುವಾಗ ಆರ್‌ಸಿ ಒಯ್ಯಿರಿ. ಮಾದರಿ, ತಯಾರಾದ ವರ್ಷ, ಪೆಟ್ರೋಲೋ ಡೀಸೆಲ್ಲೋ ಎಲ್ಲವೂ ಬೇಕು. ಒಂದೇ ಹೆಸರಿನ ಕಾರಿಗೆ ವರ್ಷ ಬದಲಾದಂತೆ ಫಿಲ್ಟರಿನ ಅಳತೆಯೂ ಬದಲಾಗುತ್ತದೆ. ಸಣ್ಣ ಪೆಟ್ರೋಲ್ ಕಾರಿನದಾದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ತಂದ ಮೇಲೆ ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ಉದ್ದ, ಅಗಲ, ಎತ್ತರ, ಅಂಚಿನ ರಬ್ಬರಿನ ದಪ್ಪ ನೋಡಿ. ಕೂದಲೆಳೆಯಷ್ಟು ಗಿಡ್ಡವಾಗಿದ್ದರೂ ವಾಪಸು ಕೊಡಿ. ‘ನಡೆಯುತ್ತದೆ ಮೇಡಂ’ ಎನ್ನುತ್ತಾರೆ. ನಡೆಯುವುದಿಲ್ಲ.

ಎಂಜಿನ್ ತಣ್ಣಗಿರಲಿ, ಕೀಲಿ ಕಾರಿನಿಂದ ಹೊರಗಿರಲಿ. ಬಾನೆಟ್ ಎತ್ತಿದರೆ, ಮುಂಭಾಗದಿಂದ ಗಾಳಿ ಎಳೆಯುವ ಕೊಳವೆ ಬಂದು ಸೇರುವ ಪೆಟ್ಟಿಗೆಯೇ ಏರ್ ಫಿಲ್ಟರಿನದು. ತೆರೆಯುವ ಮೊದಲು ಪೆಟ್ಟಿಗೆಯ ಮುಚ್ಚಳವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಇದನ್ನು ಬಹಳ ಮಂದಿ ಮಾಡುವುದೇ ಇಲ್ಲ. ನಿಮ್ಮ ಕಡೆ ಮುಚ್ಚಳದ ಮೇಲೆ ಕೆಂಪು ಪುಡಿ ಪದರವಾಗಿ ಕುಳಿತಿರುತ್ತದೆ. ಹಾಗೇ ಎತ್ತಿದರೆ ತಿಂಗಳುಗಟ್ಟಲೆ ಹೊರಗಿದ್ದ ಧೂಳು ಒಂದೇ ಕ್ಷಣದಲ್ಲಿ ಒಳಗೆ ಉದುರುತ್ತದೆ.

ಕೆಲವು ಕಾರುಗಳಲ್ಲಿ ಮುಚ್ಚಳಕ್ಕೆ ಉಕ್ಕಿನ ಕ್ಲಿಪ್ಪುಗಳಿರುತ್ತವೆ, ಬೆರಳಿನಿಂದಲೇ ಬಿಚ್ಚಬಹುದು. ಇನ್ನು ಕೆಲವಕ್ಕೆ ಸ್ಕ್ರೂ, ಅದಕ್ಕೆ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಮುಚ್ಚಳಕ್ಕೋ ಪಕ್ಕದ ಕೊಳವೆಗೋ ವೈರು ಸೇರಿದ ಸೆನ್ಸರ್ ಇರಬಹುದು. ವೈರು ಹಿಡಿದು ಎಳೆಯಬೇಡಿ. ಮುಚ್ಚಳವನ್ನು ನಾಲ್ಕು ಬೆರಳಿನಷ್ಟು ಎತ್ತಿದರೆ ಫಿಲ್ಟರ್ ಕೈಗೆ ಸಿಗುತ್ತದೆ, ಅದಕ್ಕಿಂತ ಹೆಚ್ಚು ಬೇಕಿಲ್ಲ. ಫಿಲ್ಟರನ್ನು ಅಲುಗಿಸದೆ, ಓರೆಮಾಡದೆ ಹೊರತೆಗೆಯಿರಿ.

ಈಗ ಅವಸರ ಬೇಡ, ನೋಡಬೇಕಾದದ್ದು ಇಲ್ಲಿದೆ. ಫಿಲ್ಟರಿನ ಒಂದು ಮುಖ ಕೊಳೆ, ಇನ್ನೊಂದು ಮುಖ ಚೊಕ್ಕ ಇರಬೇಕು. ಕೊಳೆಯ ಮುಖ ಎಷ್ಟೇ ಕೆಂಪಾಗಿದ್ದರೂ ನಾನು ಹೆದರುವುದಿಲ್ಲ, ಅದು ತನ್ನ ಕೆಲಸ ಮಾಡಿದೆ ಎಂದಷ್ಟೇ ಅರ್ಥ. ಫಿಲ್ಟರ್ ದಾಟಿದ ಮೇಲೆ ಎಂಜಿನ್ ಕಡೆಗೆ ಹೋಗುವ ಕೊಳವೆ ಇದೆಯಲ್ಲ, ಅದರ ಬಾಯಿಯ ಒಳಗೋಡೆಗೆ ಬೆರಳಾಡಿಸಿ. ಬೆರಳು ಶುಚಿಯಾಗಿ ಬಂದರೆ ಎಲ್ಲವೂ ಕ್ಷೇಮ. ಬೆರಳಿಗೆ ಕೆಂಪು ಹತ್ತಿದರೆ ಧೂಳು ಎಲ್ಲೋ ಸಂದಿಯಿಂದ ನುಸುಳುತ್ತಿದೆ. ಆಗ ಬರೇ ಫಿಲ್ಟರ್ ಬದಲಿಸಿ ಕೈತೊಳೆದುಕೊಳ್ಳುವಂತಿಲ್ಲ. ಕೊಳವೆಯ ಬಿರುಕು, ಕ್ಲಾಂಪಿನ ಸಡಿಲು, ಮುಚ್ಚಳದ ಒಡಕು ಎಲ್ಲವನ್ನೂ ನೋಡಿಸಬೇಕು.

ನಾನು ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದಾಗ ಗದಗದ ಕಡೆಯಿಂದ ಒಂದು ಕಾರು ಬಂತು. ನೀಲಿ ಹೊಗೆ, ಎಂಜಿನ್ ಆಯಿಲ್ ಸಾಲದು ಎಂಬ ದೂರು. ಫಿಲ್ಟರ್ ಹೊಚ್ಚಹೊಸದು. ಆದರೆ ಕೂರಿಸಿದವರ ಅವಸರಕ್ಕೆ ಒಂದು ಮೂಲೆಯಲ್ಲಿ ರಬ್ಬರಿನ ಅಂಚು ಮಡಚಿಕೊಂಡಿತ್ತು. ಕೊಳವೆಯ ಒಳಗೆ ಎರೆಮಣ್ಣಿನ ಧೂಳು ಪುಟ್ಟ ಕಾಲುದಾರಿಯಂತೆ ಎಂಜಿನ್ನಿಗೆ ಗಾಳಿ ಬಿಡುವ ಕವಾಟವಾದ ಥ್ರಾಟಲಿನವರೆಗೂ ಸಾಗಿತ್ತು, ಎಲ್ಲಿಂದ ಹೊರಟಿತೆಂದು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗಿ. ಎಂಜಿನ್ ಬಿಚ್ಚಿದರೆ ಸಿಲಿಂಡರಿನ ಗೋಡೆಯ ಮೇಲೆ ಉದ್ದುದ್ದ ಗೀರುಗಳು. ಕೊಳೆಯಾದ ಹಳೆಯ ಫಿಲ್ಟರೇ ಸರಿಯಾಗಿ ಕೂತಿದ್ದರೆ ಆ ಎಂಜಿನ್ ಇನ್ನೂ ಬಹುಕಾಲ ಓಡುತ್ತಿತ್ತು.

ಪೆಟ್ಟಿಗೆಯ ತಳದಲ್ಲಿ ಎಲೆ, ಹುಳ, ಮಣ್ಣು ಇರುತ್ತವೆ. ಹಿಂಡಿದ ಬಟ್ಟೆಯಿಂದ ಒರೆಸಿ ತೆಗೆಯಿರಿ, ಗಾಳಿ ಹೊಡೆಸಬೇಡಿ. ಹೊಸ ಫಿಲ್ಟರನ್ನು ಹಳೆಯದು ಇದ್ದ ಮುಖದಲ್ಲೇ ಇಟ್ಟು, ಸುತ್ತಲೂ ರಬ್ಬರಿನ ಅಂಚು ತೋಡಿನಲ್ಲಿ ಕೂತಿದೆಯೇ ಎಂದು ಬೆರಳಿನಿಂದ ಒತ್ತುತ್ತಾ ಹೋಗಿ. ಎಷ್ಟೋ ಮುಚ್ಚಳಗಳಿಗೆ ಒಂದು ಬದಿ ಕೊಕ್ಕೆ, ಇನ್ನೊಂದು ಬದಿ ಕ್ಲಿಪ್. ಮೊದಲು ಕೊಕ್ಕೆ ಸೇರಿಸಿ, ಆಮೇಲೆ ಕ್ಲಿಪ್. ಕ್ಲಿಪ್ ಹಾಕಲು ಬಲ ಬೇಕಾದರೆ ಒಳಗೆ ಏನೋ ಸರಿಯಾಗಿ ಕೂತಿಲ್ಲ, ಬಿಚ್ಚಿ ನೋಡಿ. ಕೊನೆಗೆ ಫಿಲ್ಟರಿನ ಅಂಚಿನ ಮೇಲೆ ಮಾರ್ಕರಿನಿಂದ ತಾರೀಖು, ಕಿಲೋಮೀಟರ್ ಬರೆದಿರಬೇಕಿತ್ತು ಎಂದು ಮುಚ್ಚಿದ ಮೇಲೆ ನೆನಪಾಗುತ್ತದೆ. ಹಾಗಾಗಿ ಮೊದಲೇ ಬರೆದುಬಿಡಿ. ಮುಂದಿನ ಸರ್ವಿಸಿನಲ್ಲಿ ‘ಬದಲಿಸಿದ್ದೇವೆ’ ಎಂದವರಿಗೆ ಉತ್ತರ ಆ ಅಂಚಿನ ಮೇಲೇ ಇರುತ್ತದೆ.

ಎಷ್ಟು ದಿನಕ್ಕೊಮ್ಮೆ ಎಂದರೆ, ಕಾರಿನ ಕೈಪಿಡಿಯಲ್ಲಿ ಸಾಮಾನ್ಯ ರಸ್ತೆಗೊಂದು, ಧೂಳಿನ ರಸ್ತೆಗೊಂದು ಲೆಕ್ಕ ಇರುತ್ತದೆ. ಮಾದರಿಗೆ ತಕ್ಕಂತೆ 20 ರಿಂದ 40 ಸಾವಿರ ಕಿಲೋಮೀಟರ್ ಎಂಬುದು ಸಾಮಾನ್ಯ ರಸ್ತೆಯ ಮಾತು, ನಿಮ್ಮ ರಸ್ತೆಗೆ ಅದು ಹೊಂದದು. ಐದು ಸಾವಿರಕ್ಕೊಮ್ಮೆ ತೆರೆದು ನೋಡಿ. ಹತ್ತು ಸಾವಿರದ ಸುಮಾರಿಗೆ ಬದಲಿಸಿದರೆ ಅತಿಯಾಯಿತೆಂದು ನಾನಂತೂ ಹೇಳುವುದಿಲ್ಲ. ಹಾಗೆ ನೋಡಿದರೆ ನಿಮ್ಮ ಸರ್ವಿಸಿನವರು ಪೂರ್ತಿ ಸುಳ್ಳರೇನೂ ಅಲ್ಲ, ತೋರಿಸದೆ ಹೋದದ್ದೇ ಅವರ ತಪ್ಪು. ಕಾರಿನ ವಾರಂಟಿ ಇನ್ನೂ ಇದ್ದವರು ಮಾತ್ರ ಅದರ ಷರತ್ತುಗಳನ್ನು ಓದಿ, ಬಿಲ್ ಜೋಪಾನ ಮಾಡಿ ಕೈಹಾಕಿ.

ಪ್ರಶ್ನೆ: ಮಾವನ ಡೀಸೆಲ್ ಟ್ಯಾಕ್ಸಿಯ ಫಿಲ್ಟರನ್ನು ವಾರಕ್ಕೊಮ್ಮೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ ಹಾಕುತ್ತೇನೆ. ಒಮ್ಮೆ ಸೋಪಿನ ನೀರಿನಲ್ಲೂ ತೊಳೆದೆ. ಎರಡು ವರ್ಷದಿಂದ ಅದೇ ಫಿಲ್ಟರ್ ಬಾಳಿಕೆ ಬಂದಿದೆ. ಸರಿಯಲ್ಲವೇ ಸರ್? (ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ತಮ್ಮಾ, ಬಾಳಿಕೆ ಬಂದಿರುವುದು ಫಿಲ್ಟರಿನ ಆಕಾರ ಮಾತ್ರ. ಅದು ಕಾಗದ. ನೀರು ಕುಡಿದ ಕಾಗದದ ಎಳೆಗಳು ಉಬ್ಬಿ, ಒಣಗುವಾಗ ಅವುಗಳ ನಡುವಿನ ರಂಧ್ರಗಳ ಅಳತೆಯೇ ಬದಲಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ಲಾರಿಯ ಟೈರ್ ತುಂಬುವಷ್ಟು ಒತ್ತಡ ಇರುತ್ತದೆ. ಅದರ ಮೂತಿಯನ್ನು ಕಾಗದಕ್ಕೆ ತಾಗಿಸಿ ಬಿಟ್ಟರೆ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ. ಬೆಳಕಿಗೆ ಹಿಡಿದರೆ ಫಿಲ್ಟರ್ ‘ಚೆನ್ನಾಗಿ ತಿಳಿಯಾಗಿದೆ’ ಎಂದು ನಿನಗೆ ಖುಷಿಯಾಗುವುದೇ ಆ ತೂತುಗಳಿಂದ ಇರಬಹುದು.

ಓದುವ ಹುಡುಗನಾದ್ದರಿಂದ ಇನ್ನೊಂದು ವಿಷಯ ಹೇಳುತ್ತೇನೆ, ನಿನ್ನ ಮೇಷ್ಟರನ್ನೂ ಕೇಳು. ಕಾಗದದ ಫಿಲ್ಟರ್ ಹೊಚ್ಚಹೊಸದಾಗಿದ್ದಾಗಲೇ ಅತ್ಯಂತ ಚೆನ್ನಾಗಿ ಸೋಸುತ್ತದೆ ಎಂಬುದು ನಿಜವಲ್ಲ. ಮೇಲೆ ಕೂತ ಧೂಳಿನ ತೆಳುಪದರವೇ ಮುಂದೆ ಬರುವ ಸಣ್ಣ ಕಣಗಳನ್ನು ತಡೆಯುತ್ತದೆ. ವಾರವಾರವೂ ನೀನು ಆ ಪದರವನ್ನು ಕಿತ್ತುಹಾಕುತ್ತಿದ್ದೀಯೆ. ಜೊತೆಗೆ ಪ್ರತಿಸಲ ಪೆಟ್ಟಿಗೆ ತೆರೆದಾಗಲೂ ಒಂದಿಷ್ಟು ಧೂಳು ಒಳಗೆ ಹೋಗುವ ಅವಕಾಶ. ಈಗಿನ ಡೀಸೆಲ್ ಕಾರುಗಳಲ್ಲಿ ಬಹುಮಟ್ಟಿಗೆ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ, ಇರುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಅದರ ರೆಕ್ಕೆಗಳಿಗೆ ಮರಳಿನ ಕಣ ಬಡಿದರೆ ಏನಾದೀತೆಂದು ಲೆಕ್ಕಹಾಕು. ಟರ್ಬೊ ಬೆಲೆಯನ್ನು ಮಾವನಿಗೆ ನೀನೇ ಕೇಳಿ ಹೇಳು, ನನ್ನಿಂದಾಗದು. ಫಿಲ್ಟರ್ ಇವತ್ತೇ ಬದಲಿಸು. ರಾಶಿಯ ಕಾಲದಲ್ಲಿ ರಸ್ತೆಗೆ ತೆನೆ ಹಾಸಿ ತುಳಿಸುವ ಕಡೆ ಓಡಿ ಬಂದಿದ್ದರೆ, ತೆಗೆದು ಕೊಳೆಯ ಮುಖ ಕೆಳಗೆ ಮಾಡಿ ಮೆಲ್ಲಗೆ ತಟ್ಟು. ಹೊಟ್ಟು ಉದುರುತ್ತದೆ, ಅಷ್ಟು ಸಾಕು.

ಪ್ರಶ್ನೆ: ಫಿಲ್ಟರ್ ಬದಲಿಸಿದರೆ ಲೀಟರಿಗೆ ಎರಡು ಮೂರು ಕಿಲೋಮೀಟರ್ ಹೆಚ್ಚು ಬರುತ್ತದೆಂದು ಹೇಳಿದರು. ಬದಲಿಸಿದೆ. ಏನೂ ಬದಲಾಗಲಿಲ್ಲ. (ನಿವೃತ್ತ ಬ್ಯಾಂಕ್ ನೌಕರ, ಮೈಸೂರು)

ಉತ್ತರ: ಬದಲಾಗುವುದೂ ಇಲ್ಲ ಸ್ವಾಮಿ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಇದನ್ನು ಪರೀಕ್ಷಿಸಿ 2009ರಲ್ಲಿ ವರದಿ ಕೊಟ್ಟಿದ್ದಾರೆ. ಕಂಪ್ಯೂಟರ್ ನಿಯಂತ್ರಣದ ಈಗಿನ ಪೆಟ್ರೋಲ್ ಎಂಜಿನ್ನುಗಳಲ್ಲಿ ಕಟ್ಟಿಕೊಂಡ ಫಿಲ್ಟರಿನಿಂದ ಮೈಲೇಜಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಪಿಕಪ್ ಮಾತ್ರ ತಗ್ಗಿತು. ಗಾಳಿ ಕಡಿಮೆಯಾದರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನೂ ಅಷ್ಟೇ ಕಡಿಮೆ ಮಾಡುತ್ತದೆ. ನೀವು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿ ಸರಿದೂಗಿಸುತ್ತೀರಿ. ಕಾರ್ಬ್ಯುರೇಟರಿನ ಕಾಲದ ಕಾರುಗಳಿಗೆ ಈ ಲೆಕ್ಕಾಚಾರ ತಿಳಿಯುತ್ತಿರಲಿಲ್ಲ, ಅವಕ್ಕೆ ಪೆಟ್ರೋಲ್ ಹೆಚ್ಚು ಸುಡುತ್ತಿತ್ತು. ಆ ಕಾಲದ ಮಾತು ಈ ಕಾಲಕ್ಕೂ ನಡೆದುಬಂದಿದೆ. ಮೈಲೇಜ್ ಬೇಕಾದರೆ ಟೈರಿನ ಗಾಳಿ ನೋಡಿಸಿ.

ಪ್ರಶ್ನೆ: ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿದೆ. ಅಡಿಕೆ ಸಿಪ್ಪೆ, ಬಟ್ಟೆಯ ಚೂರು, ಕಾಗದವೂ ಕಡಿದಿದೆ. (ಬೆಳೆಗಾರ, ಶಿರಸಿ)

ಉತ್ತರ: ಬರಿಗೈಯಲ್ಲಿ ಮುಟ್ಟಬೇಡಿ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆಂದು ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ. ಕೈಗವಸು ಹಾಕಿ, ಫಿನಾಯಿಲ್ ನೀರು ಚಿಮುಕಿಸಿ ಒದ್ದೆಮಾಡಿ ತೆಗೆಯಿರಿ, ಒಣಗಿದ್ದನ್ನು ಗುಡಿಸಿ ಹಾರಿಸಬೇಡಿ. ಕಾಗದ ಕಡಿದಿದ್ದರೆ ಟೇಪು ಹಚ್ಚುವ ಪ್ರಶ್ನೆಯೇ ಇಲ್ಲ, ಹೊಸದು ಹಾಕಿ. ಎಂಜಿನ್ ಕಡೆಯ ಕೊಳವೆಯನ್ನೂ ಬಿಚ್ಚಿ, ಒಳಗೆ ಚೂರು ಹೋಗಿಲ್ಲವೆಂದು ನೋಡಿಕೊಂಡೇ ಸ್ಟಾರ್ಟ್ ಮಾಡಿ. ಗಾಳಿ ಎಳೆಯುವ ಕೊಳವೆಯ ಹೊರಬಾಯಿಗೆ ಕಾಲಿಂಚು ಕಣ್ಣಿನ ತಂತಿಜಾಲರಿ ಬಿಗಿಸಬಹುದು. ಸೊಳ್ಳೆಪರದೆಯ ಬಲೆ ಬೇಡ, ಅದು ಧೂಳಿಗೆ ಕಟ್ಟಿಕೊಳ್ಳುತ್ತದೆ. ಮತ್ತೆ, ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಕಾರು ನಿಲ್ಲಿಸಿ ಇಲಿಯನ್ನು ಬೈದು ಪ್ರಯೋಜನವಿಲ್ಲ.

ಪ್ರಶ್ನೆ: ಮಸ್ಕತ್‌ನಲ್ಲಿರುವ ಮಗ, ತೊಳೆದು ಎಣ್ಣೆ ಸವರಿ ಮತ್ತೆ ಹಾಕುವ ಹತ್ತಿಯ ಫಿಲ್ಟರ್ ತರುತ್ತೇನೆ ಎನ್ನುತ್ತಾನೆ. ತರಿಸಲೇ? (ಓದುಗರು, ಉಡುಪಿ)

ಉತ್ತರ: ಬೇಡ. ಎಣ್ಣೆ ಹೆಚ್ಚಾದರೆ ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿನ ತಂತಿಗೆ ಹತ್ತಿಕೊಂಡು ಅಳತೆ ಕೆಡುತ್ತದೆ, ಕಡಿಮೆಯಾದರೆ ಧೂಳು ದಾಟುತ್ತದೆ. ದಿನದ ಓಡಾಟದ ಕಾರಿಗೆ ಕಾಗದದ್ದೇ ಸಾಕು. ಮಗ ಖರ್ಜೂರ ತರಲಿ.

ಪ್ರಶ್ನೆ: ಮಳೆನೀರು ನಿಂತ ಅಂಡರ್‌ಪಾಸಿನಲ್ಲಿ ಕಾರು ಆಫ್ ಆಯಿತು. ತಳ್ಳಿ ತಂದೆವು. ಏರ್ ಫಿಲ್ಟರ್ ಒದ್ದೆಯಾಗಿದೆ. ಹೊಸದು ಹಾಕಿ ಸ್ಟಾರ್ಟ್ ಮಾಡಲೇ? (ಓದುಗರು, ಮಂಗಳೂರು)

ಉತ್ತರ: ಖಂಡಿತ ಬೇಡ. ಒಂದು ಸಲ ಸೆಲ್ಫ್ ಹೊಡೆದೂ ನೋಡಬೇಡಿ. ಫಿಲ್ಟರ್ ಒದ್ದೆಯಾಗಿದೆಯೆಂದರೆ ಸಿಲಿಂಡರಿಗೂ ನೀರು ಹೋಗಿರಬಹುದು. ಗಾಳಿಯಂತೆ ನೀರು ಕುಗ್ಗುವುದಿಲ್ಲ, ಪಿಸ್ಟನ್ ಮೇಲೆ ಬಂದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ಬಿಚ್ಚಿ, ಕಾರನ್ನು ಎಳೆಸಿಕೊಂಡು ವರ್ಕ್‌ಶಾಪಿಗೆ ಒಯ್ಯಿರಿ. ಅಲ್ಲಿ ಸ್ಪಾರ್ಕ್ ಪ್ಲಗ್ ತೆಗೆದು ನೀರು ಹೊರಹಾಕಿಸಿದ ಮೇಲೆಯೇ ಮುಂದಿನ ಮಾತು. ವಿಮೆಯವರಿಗೂ ಅದಕ್ಕೆ ಮೊದಲೇ ತಿಳಿಸಿ.

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಕಾರಿನ ಬಿಲ್ಲಿನಲ್ಲೂ ಏರ್ ಫಿಲ್ಟರ್ ಬದಲಾವಣೆ ಎಂದಿದೆ! (ಓದುಗರು, ಬೆಂಗಳೂರು)

ಉತ್ತರ: ಎಂಜಿನ್ನೇ ಇಲ್ಲದ ಕಾರಿಗೆ ಎಂಜಿನ್ ಏರ್ ಫಿಲ್ಟರ್ ಎಲ್ಲಿಂದ ಬರಬೇಕು? ಅದು ಎಸಿಯದಾಗಿರಬಹುದು. ಗ್ಲೌ ಬಾಕ್ಸ್ ಬಿಚ್ಚಿ ನೋಡಿ. ಅಲ್ಲಿ ಹಳೆಯದೇ ಕೂತಿದ್ದರೆ ಆ ಬಿಲ್ಲಿನ ಪ್ರತಿ ನನಗೂ ಒಂದು ಕಳಿಸಿ.