ಸಂಪಾದಕರ ಉತ್ತರ: ಕೊನೆಯ ಮಾತಿಲ್ಲದ ಸಾವು

(ಶಿವಮೊಗ್ಗದ ಓದುಗರೊಬ್ಬರು ಬರೆದ ನಾಲ್ಕು ಪುಟಗಳ ಪತ್ರದ ಸಾರ: "ಕಳೆದ ಸಂಚಿಕೆಯ ಮೂರು ಕಥೆಗಳಲ್ಲೂ ಸಾವಿದೆ. ಮೂರರಲ್ಲೂ ಬೆಳಗಿನ ಜಾವ, ಮೂರರಲ್ಲೂ ದೀಪ. ಸಾಯುವವರು ಮಕ್ಕಳ ಕೈ ಹಿಡಿದು ಏನೋ ಒಂದು ಹೇಳಿಯೇ ಕಣ್ಣು ಮುಚ್ಚುತ್ತಾರೆ. ನನ್ನ ಅತ್ತೆ ಹೋದದ್ದು ತೀವ್ರ ನಿಗಾ ಘಟಕದಲ್ಲಿ, ಹನ್ನೊಂದು ದಿನ ಗಂಟಲಿನಲ್ಲಿ ನಳಿಕೆ ಇಟ್ಟುಕೊಂಡು. ನಾವು ಹೊರಗಿನ ಕುರ್ಚಿಗಳಲ್ಲಿ ಕುಳಿತಿದ್ದೆವು. ಯಾವ ಮಾತೂ ಇರಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮನೆಯಲ್ಲಿ ಅವರ ಹೆಸರೆತ್ತುವವರೂ ಇಲ್ಲ. ನಿಮ್ಮ ಸಾಹಿತ್ಯ ಸಾವಿನ ಬಗ್ಗೆ ಯಾಕೆ ಇಷ್ಟು ಸುಳ್ಳು ಹೇಳುತ್ತದೆ?")

ಮಾನ್ಯರೇ,

ನಿಮ್ಮ ಪತ್ರ ಬಂದ ದಿನ ಆ ಮೂರೂ ಕಥೆಗಳನ್ನು ಮತ್ತೆ ತೆಗೆದು ಓದಿದೆ. ನೀವು ಹೇಳಿದ್ದು ನಿಜ. ಒಂದರಲ್ಲಿ ಬಾಯಿಗೆ ತುಳಸಿ ನೀರು ಬಿಟ್ಟ ಮೇಲೂ ಅಜ್ಜ ಎರಡು ಪೂರ್ಣ ವಾಕ್ಯ ಆಡುತ್ತಾನೆ. ಎರಡನೆಯದರಲ್ಲಿ ಒಂದು ಉಪಮೆಯೂ ಇದೆ. ಅದನ್ನು ಅಚ್ಚಿಗೆ ಕಳಿಸಿದವನು ನಾನೇ.

ಇನ್ನೂ ಒಂದನ್ನು ಒಪ್ಪಿಕೊಳ್ಳಬೇಕು. ಮೂರನೆಯ ಕಥೆಯ ಹಸ್ತಪ್ರತಿಯಲ್ಲಿ ಆಸ್ಪತ್ರೆಯ ಒಂದು ಭಾಗವಿತ್ತು. ವಿಮೆಯವರ ಒಪ್ಪಿಗೆ ಬರುವವರೆಗೆ ಮಗ ಬಿಲ್ ಕೌಂಟರಿನ ಮುಂದೆ ನಿಂತಿರುತ್ತಾನೆ. ಯಾರ ಕಾರ್ಡಿನಿಂದ ಎಷ್ಟು ಕಟ್ಟಬೇಕೆಂದು ತಮ್ಮನೊಡನೆ ಫೋನಿನಲ್ಲಿ ಜಗಳವಾಡುತ್ತಾನೆ. ಒಳಗೆ ಅಪ್ಪನ ದೇಹ ಕಾಯುತ್ತಿರುತ್ತದೆ. ಅರ್ಧ ಪುಟ. ಜಾಗ ಸಾಲದೆಂದು ಕಥೆಗಾರರಿಗೆ ಹೇಳಿ ಅದನ್ನು ತೆಗೆಸಿದೆ. ಜಾಗ ನೆಪವಾಗಿತ್ತು, ಆ ಭಾಗ ಕಥೆಯ ಹದ ಕೆಡಿಸುತ್ತದೆ ಎಂದು ನನಗೆ ಅನ್ನಿಸಿತ್ತು. ಹದ ಎಂದರೆ ಏನೆಂದು ಈಗ ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಇಷ್ಟು ಒಪ್ಪಿಕೊಂಡ ಮೇಲೆ, ಇಡೀ ಸಾಹಿತ್ಯದ ತಲೆಗೆ ಸುಳ್ಳಿನ ಪಟ್ಟ ಕಟ್ಟಿದ್ದೀರಲ್ಲ, ಅದರ ಬಗ್ಗೆ ಸ್ವಲ್ಪ ಜಗಳವಾಡುತ್ತೇನೆ. ಉಸಿರು ನಿಲ್ಲುವ ಗಳಿಗೆಯ ಬಗ್ಗೆ ಬರೆಯಲು ಹೊರಟವರು ಸುಳ್ಳಿಗೆ ಬೀಳುತ್ತಾರೆ, ನಿಜ. ಆ ಗಳಿಗೆಯನ್ನು ಬಲ್ಲವರು ಬರೆಯಲು ಉಳಿದಿರುವುದಿಲ್ಲವಾದ್ದರಿಂದ ಅಲ್ಲಿ ದೀಪ, ಮಂತ್ರ, ಮಾತುಗಳನ್ನು ತುಂಬುತ್ತಾರೆ. ಕನ್ನಡದ ದೊಡ್ಡ ಬರಹಗಾರರು ಆ ಗಳಿಗೆಯಲ್ಲಿ ಹೆಚ್ಚು ಹೊತ್ತು ನಿಂತವರಲ್ಲ. ಬೇಗ ದಾಟಿಕೊಂಡು ಹೆಣದ ಬಳಿಗೆ ಬಂದುಬಿಡುತ್ತಾರೆ. ಪದ ಒರಟಾಯಿತೇನೋ, ಆದರೆ 'ಪಾರ್ಥಿವ ಶರೀರ' ಎಂದು ಬರೆದರೆ ನಾನು ಹೇಳಬೇಕಾದ್ದು ತಪ್ಪಿಹೋಗುತ್ತದೆ. ಮನೆಯಲ್ಲಿ ಹೆಣವಿದ್ದಾಗ ಕೆಲಸ ಹುಟ್ಟುತ್ತದೆ. ಹೊರುವವರು ಯಾರು, ಖರ್ಚು ಯಾರದು, ನೆಂಟರಿಗೆ ಸುದ್ದಿ ಮುಟ್ಟಿಸುವವರು ಯಾರು, ಮಕ್ಕಳನ್ನು ಪಕ್ಕದ ಮನೆಗೆ ಕರೆದೊಯ್ದು ಊಟ ಹಾಕುವವರು ಯಾರು? ಈ ಪ್ರಶ್ನೆಗಳ ಮುಂದೆ ಬರಹಗಾರ ಸುಳ್ಳು ಹೇಳುವುದು ಕಷ್ಟ.

ಎಂಟು ನೂರು ವರ್ಷಗಳ ಹಿಂದಿನ ರಾಘವಾಂಕನನ್ನು ನೋಡಿ. ಹರಿಶ್ಚಂದ್ರ ಕಾವ್ಯದಲ್ಲಿ ಮಗು ಲೋಹಿತಾಶ್ವ ಹಾವು ಕಚ್ಚಿ ಸಾಯುತ್ತಾನೆ. ತಾಯಿ ಚಂದ್ರಮತಿ ಮಾರಾಟವಾದ ಆಳು. ಒಡೆಯನ ಮನೆಯ ಕೆಲಸ ಮುಗಿಸಿದ ಮೇಲಷ್ಟೇ ರಾತ್ರಿಯಲ್ಲಿ ಮಗನನ್ನು ಹುಡುಕಿಕೊಂಡು ಹೋಗಲು ಅವಳಿಗೆ ಬಿಡುವು. ಹೆಣ ಹೊತ್ತು ಮಸಣಕ್ಕೆ ಬಂದರೆ ಕಾವಲಿಗಿರುವವನು ಅವಳ ಗಂಡನೇ. ಸುಡುಗಾಡಿನ ತೆರಿಗೆ ಕೊಡದೆ ಸುಡುವಂತಿಲ್ಲ ಎನ್ನುತ್ತಾನೆ. ಕೊಡಲು ಅವಳ ಬಳಿ ಏನೂ ಇಲ್ಲ. ಹರಿಶ್ಚಂದ್ರನ ಸತ್ಯದ ಬಗ್ಗೆ ನಮಗೆ ಶಾಲೆಯಲ್ಲಿ ಪಾಠ ಮಾಡಿದರು. ನನಗೆ ಈಗ ಕಾಣುತ್ತಿರುವುದು ರಜೆ ಸಿಗದ ತಾಯಿ ಮತ್ತು ಹಣ ಕಟ್ಟಿದರೆ ಮಾತ್ರ ಮುಂದೆ ಬಿಡುವ ಕೌಂಟರು. ನಾನು ಕತ್ತರಿಸಿದ ಅರ್ಧ ಪುಟವನ್ನು ರಾಘವಾಂಕ ಕತ್ತರಿಸಿರಲಿಲ್ಲ.

ನಿಮ್ಮ ಮಲೆನಾಡಿನದೇ ಕಥೆ ಅನಂತಮೂರ್ತಿಯವರ 'ಸಂಸ್ಕಾರ'. 1965ರಲ್ಲಿ ಬಂದಾಗ ಎಬ್ಬಿಸಿದ ಗದ್ದಲ ಈಗ ಹಳೆಯದು. ಧರ್ಮ, ಕಾಮ, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ತಳಮಳ ಎಂದು ಎಷ್ಟೋ ಚರ್ಚೆಯಾಗಿದೆ. ಆದರೆ ಕಾದಂಬರಿಯನ್ನು ಮುಂದಕ್ಕೆ ತಳ್ಳುವುದು ಹಸಿವು ಮತ್ತು ವಾಸನೆ. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದು ಸತ್ತಿದ್ದಾನೆ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಅವನ ಜೊತೆ ಬಾಳಿದ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿಟ್ಟ ಕೂಡಲೇ, ಮುಟ್ಟಲಾರೆವು ಎಂದಿದ್ದವರ ಮನಸ್ಸಿನಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಆಚಾರ್ಯರು ಗ್ರಂಥ ತಿರುವುತ್ತಾರೆ, ಮಾರುತಿಯ ಮುಂದೆ ಕೂರುತ್ತಾರೆ. ಕೊನೆಗೆ ಕತ್ತಲಲ್ಲಿ ಚಂದ್ರಿಯ ಜೊತೆ ಸೇರಿ ಹೆಣ ಸುಟ್ಟವನು ಮೀನಿನ ವ್ಯಾಪಾರದ ಅಹ್ಮದ್ ಬ್ಯಾರಿ. ಗಾಡಿ, ಸೌದೆ, ಬೆಂಕಿ. ಒಂದೇ ರಾತ್ರಿಯಲ್ಲಿ ಮುಗಿಯಿತು. ಪ್ರಶ್ನೆ ತೀರ್ಮಾನವಾಗಿದೆ ಎಂದು ತಿಳಿಯದೆ ಅಗ್ರಹಾರ ಅದನ್ನೇ ಚರ್ಚಿಸುತ್ತಿರುತ್ತದೆ. ನಾರಣಪ್ಪನ ಕೊನೆಯ ಮಾತು ಏನಿತ್ತು ಎಂದು ಯಾವ ಓದುಗರೂ ಇಂದಿನವರೆಗೆ ಕೇಳಿದ್ದನ್ನು ನಾನು ಕಂಡಿಲ್ಲ.

ಕವಿಗಳ ಬಗ್ಗೆ ಉದ್ದ ಮಾಡುವುದಿಲ್ಲ. ಮಗುವನ್ನು ಕಳೆದುಕೊಂಡಾಗ ಬೇಂದ್ರೆಯವರು ಬರೆದ ಪದ್ಯ ನಿಮಗೂ ಬಾಯಿಗೆ ಬರುತ್ತಿರಬಹುದು. ಅಲ್ಲಿರುವುದು ಹೆಂಡತಿಯ ನೋಟವನ್ನು ಎದುರಿಸಲಾರದ ಒಬ್ಬ ಗಂಡ. ಹಗಲಿನ ಮುಗಿಲಲ್ಲಿ ತೇಲುವ ಹುಣ್ಣಿಮೆಯ ಚಂದ್ರನನ್ನು ಅವರೂ 'ಹೆಣ' ಎಂದೇ ಕರೆದರು. ಲಂಕೇಶರ 'ಅವ್ವ' ಮನೆಯಿಂದ ಹೊಲಕ್ಕೆ ಹೋದ ಹಾಗೆ ತಣ್ಣಗೆ ಮಾತಾಡುತ್ತಲೇ ಹೊರಟುಹೋಗುತ್ತಾಳೆ. ಏನು ಮಾತಾಡಿದಳು ಎಂದು ಮಗ ಬರೆಯುವುದಿಲ್ಲ.

ಬದುಕಿರುವವರನ್ನೇ ಸತ್ತವರ ಪಟ್ಟಿಗೆ ಸೇರಿಸುವ ಕೆಲಸವನ್ನೂ ನಮ್ಮವರು ಮರೆತಿಲ್ಲ. 'ಘಟಶ್ರಾದ್ಧ' ಚಿತ್ರದಲ್ಲಿ ಗರ್ಭಿಣಿಯಾದ ವಿಧವೆ ಯಮುನಾಳಿಗೆ ಜೀವಂತವಿರುವಾಗಲೇ ಶ್ರಾದ್ಧ ಮಾಡಿ ಮುಗಿಸುತ್ತಾರೆ. ಅದಕ್ಕಿಂತ ಸುಮಾರು ನಲವತ್ತು ವರ್ಷ ಚಿಕ್ಕದಾದ, ಮಂಡ್ಯ ಕಡೆಯ 'ತಿಥಿ' ಚಿತ್ರದಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ಸತ್ತ ಮೇಲೆ ಜಮೀನು ಮಾರುವ ಆತುರಕ್ಕೆ ಮೊಮ್ಮಗ ಬದುಕಿರುವ ತನ್ನ ಅಪ್ಪನಿಗೆ ಮರಣ ಪ್ರಮಾಣಪತ್ರ ಮಾಡಿಸುತ್ತಾನೆ. ಮೊದಲನೆಯದು ನಡುಕ ಹುಟ್ಟಿಸುತ್ತದೆ, ಎರಡನೆಯದು ನಗಿಸುತ್ತದೆ. ಎರಡೂ ಕಡೆ ಸತ್ತವರು ಯಾರೆಂದು ತೀರ್ಮಾನಿಸುವುದು ಉಳಿದವರು.

ಪತ್ರಿಕೆಯವನಾಗಿ ಇನ್ನೊಂದು ಮಾತು. ಸುದ್ದಿಮನೆಯಲ್ಲಿ ನಾನು ಮೊದಲು ಕಲಿತ ಪಾಠವೇ ಯಾರಿಗೆ ಯಾವ ಪದ ಎಂಬುದು. ಗಣ್ಯರಾದರೆ 'ನಿಧನ', ಲಿಂಗಾಯತ ಮಠದ ಸ್ವಾಮಿಗಳಾದರೆ 'ಲಿಂಗೈಕ್ಯ', ಗಡಿಯಲ್ಲಾದರೆ 'ಹುತಾತ್ಮ', ಜನಪ್ರಿಯ ನಟರಾದರೆ ದಪ್ಪಕ್ಷರದಲ್ಲಿ 'ಇನ್ನಿಲ್ಲ'. 'ಸಾವು' ಎಂಬ ಪದವನ್ನು ಲಾರಿ ಹೊಡೆದ ಕೂಲಿಗಳಿಗೆ ಮೀಸಲಿಟ್ಟಿದ್ದೆವು: ಮೂವರ ಸಾವು, ಹೆಸರು ಮೂರನೆಯ ಪ್ಯಾರಾದಲ್ಲಿ. ಶ್ರದ್ಧಾಂಜಲಿಯ ಜಾಹೀರಾತಿನಲ್ಲಿ ವೈಕುಂಠ ಸಮಾರಾಧನೆಯೋ ಶಿವಗಣಾರಾಧನೆಯೋ ಎಂದು ನೋಡಿದರೆ ಸಾಕು, ಹೆಸರು ಓದುವ ಮೊದಲೇ ಜಾತಿ ಗೊತ್ತಾಗುತ್ತದೆ. ಇಷ್ಟು ಪದಗಳಿದ್ದೂ ನಿಮ್ಮ ಅತ್ತೆಗೆ ಆದದ್ದನ್ನು ಹೇಳಲು ಒಂದು ಪದವಿಲ್ಲ. ಹನ್ನೊಂದು ದಿನ ಅವರು ಯಾವ ಸ್ಥಿತಿಯಲ್ಲಿದ್ದರು? 'ಸೀರಿಯಸ್' ಎಂದೆವು, 'ವೆಂಟಿಲೇಟರ್ ಹಾಕಿದ್ದಾರೆ' ಎಂದೆವು. ಭಾಷೆ ಅಲ್ಲಿಗೆ ನಿಂತಿತು. ಕಥೆಗಾರರು ದೀಪ, ತುಳಸಿಗೆ ಓಡಿಹೋಗುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನುಮಾನ.

ಆ ಹನ್ನೊಂದು ದಿನಗಳ ಬಗ್ಗೆಯೂ ಒಂದಿಷ್ಟು ಹೇಳುತ್ತೇನೆ, ಏಕೆಂದರೆ ನಿಮ್ಮ ಪತ್ರದ ನಿಜವಾದ ನೋವು ಅಲ್ಲೇ ಇದೆ. ಅವರಿಗೆ ಆ ನಳಿಕೆ ಬೇಕಿತ್ತೇ ಎಂದು ಮೊದಲೇ ಯಾರೂ ಕೇಳಿರಲಿಲ್ಲ. ನಿಮ್ಮ ಮನೆಯಲ್ಲಿ ಮಾತ್ರವಲ್ಲ, ನಮ್ಮ ಮನೆಯಲ್ಲೂ ಕೇಳಿರಲಿಲ್ಲ. 'ಅಂಥ ಮಾತು ಆಡಬೇಡ' ಎಂದು ಬಾಯಿ ಮುಚ್ಚಿಸುತ್ತೇವೆ. ಹೊನ್ನಾವರದ ಹಳದೀಪುರದಿಂದ ಮುಂಬೈಗೆ ನರ್ಸ್ ಆಗಿ ಹೋದ ಅರುಣಾ ಶಾನಭಾಗ್ 1973ರಲ್ಲಿ ಆಸ್ಪತ್ರೆಯಲ್ಲೇ ನಡೆದ ಹಲ್ಲೆಗೆ ಸಿಕ್ಕಿ, ಅರಿವಿಲ್ಲದ ಸ್ಥಿತಿಯಲ್ಲಿ 2015ರ ಮೇ ತಿಂಗಳವರೆಗೆ, ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಮಲಗಿದ್ದರು. ಅಷ್ಟೂ ವರ್ಷ ಅವರನ್ನು ನೋಡಿಕೊಂಡದ್ದು ಆ ಆಸ್ಪತ್ರೆಯ ನರ್ಸ್‌ಗಳು. ಅವರ ಪ್ರಕರಣದಲ್ಲಿ 2011ರಲ್ಲಿ ಶುರುವಾದ ದಾರಿ 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ಬಂದು, ಘನತೆಯಿಂದ ಸಾಯುವುದೂ ಬದುಕಿನ ಹಕ್ಕಿನ ಭಾಗ ಎಂದಾಯಿತು. 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿದರು. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರು ಯಾರೇ ಆಗಲಿ, ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ತಮಗೆ ಯಾವ ಚಿಕಿತ್ಸೆ ಬೇಡ, ತಮ್ಮ ಪರವಾಗಿ ಮಾತಾಡುವವರು ಯಾರು ಎಂದು ಬರೆದಿಡಬಹುದು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಮುಂದೆ ಸಂದರ್ಭ ಬಂದಾಗ ವೈದ್ಯರ ಎರಡು ಮಂಡಳಿಗಳು ನೋಡಿ ಒಪ್ಪಬೇಕು. ಇದನ್ನು ಜಾರಿಗೆ ತರಲು ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಸುತ್ತೋಲೆಯನ್ನೂ ಹೊರಡಿಸಿತು. ಸೈಟಿನ ಪತ್ರ, ವಿಮೆಯ ಪತ್ರಗಳನ್ನು ಎರಡೆರಡು ಪ್ರತಿ ಮಾಡಿ ಬೀರುವಿನಲ್ಲಿಡುವ ನಾವು ಈ ಒಂದು ಹಾಳೆಯನ್ನು ಬರೆಯುವುದಿಲ್ಲ. ನಾನೂ ಇನ್ನೂ ಬರೆದಿಲ್ಲ.

ಹದಿಮೂರನೆಯ ದಿನದ ನಂತರದ ಮೌನದ ಬಗ್ಗೆ ಬರೆದಿದ್ದೀರಿ. ನಮ್ಮ ಕಡೆ ಸಾವಿನ ಮನೆಗೆ ಹೋಗುವುದನ್ನು 'ಮಾತನಾಡಿಸಿಕೊಂಡು ಬರುವುದು' ಎನ್ನುತ್ತಾರೆ. ಸಂತಾಪ ಸೂಚಿಸುವುದು ಎಂಬುದು ಪತ್ರಿಕೆಯ ಭಾಷೆ. ಊರಿನವರು ಮಾತನಾಡಿಸುತ್ತಾರೆ, ಅಷ್ಟೇ. ನನ್ನ ತಂದೆ ತೀರಿಕೊಂಡಾಗ ಬಂದ ಒಬ್ಬ ಹಿರಿಯರು ಒಂದು ಗಂಟೆ ಅಡಿಕೆ ದರ, ಕೊಳೆರೋಗ, ಸೊಸೈಟಿಯ ಸಾಲದ ಬಗ್ಗೆ ಮಾತಾಡಿ, ನಡುವೆ ಒಂದು ಸಲ 'ನಿಮ್ಮಪ್ಪ ಇದ್ದಿದ್ದರೆ ಈ ಮಾತಿಗೆ ಬೈಯುತ್ತಿದ್ದರು' ಎಂದು ನಕ್ಕು ಎದ್ದುಹೋದರು. ಗೀತೆಯ ಶ್ಲೋಕ ಹೇಳಿ ಸಮಾಧಾನ ಮಾಡಿದವರ ಮುಖಗಳು ನನಗೆ ನೆನಪಿಲ್ಲ. ಮಂಡ್ಯ, ಮೈಸೂರು ಕಡೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಸತ್ತವರಿಗೆ ಇಷ್ಟವಾದದ್ದನ್ನೇ ಇಡುತ್ತಾರೆ: ಬಾಡಿನ ಸಾರು, ಬೀಡಿ, ಕೆಲವು ಮನೆಗಳಲ್ಲಿ ಕಾಲು ಬಾಟಲಿ ಬ್ರಾಂದಿ. ದಕ್ಷಿಣ ಕನ್ನಡದಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳಿಗೆ ಎಷ್ಟೋ ವರ್ಷಗಳ ಮೇಲೆ ಮಳೆಗಾಲದ ಆಟಿ ತಿಂಗಳಿನಲ್ಲಿ ಮದುವೆ ಮಾಡುತ್ತಾರೆ; ಸತ್ತ ಹುಡುಗನಿಗೆ ಸತ್ತ ಹುಡುಗಿಯನ್ನು ನೋಡಿ, ಎರಡೂ ಮನೆಯವರು ಬೀಗರಾಗುತ್ತಾರೆ. ಮೂಢನಂಬಿಕೆ ಎಂದು ನಗುವವರು ನಗಲಿ. ಆ ಮಗು ಇದ್ದಿದ್ದರೆ ಈಗ ಎಷ್ಟು ವಯಸ್ಸಾಗುತ್ತಿತ್ತು ಎಂಬುದನ್ನು ಆ ಮನೆಯವರು ಲೆಕ್ಕವಿಟ್ಟುಕೊಂಡಿರುತ್ತಾರೆ ಎಂಬುದಷ್ಟೇ ನನಗೆ ಮುಖ್ಯ.

ಲೆಕ್ಕ ತಪ್ಪಿದ ಕಾಲವೂ ಹತ್ತಿರದ್ದೇ. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಬಂದು ಕೇಳದೆ ಉಳಿದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಆ ಜೂನ್‌ನಲ್ಲಿ ಸರ್ಕಾರವೇ ಬೆಳಕವಾಡಿಯ ಬಳಿ ಕಾವೇರಿಗೆ ಬಿಟ್ಟಿತು. ಅದರ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಬರೆದರೆ ನಮ್ಮ ಪತ್ರಿಕೆಯಲ್ಲಿ ಜಾಗವಿದೆ. ಈ ಸಲ ಕತ್ತರಿ ಹಾಕುವುದಿಲ್ಲ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಆತಕೂರಿನ ಕಲ್ಲನ್ನು ನೋಡಿ. ಹತ್ತನೆಯ ಶತಮಾನದ್ದು. ಹಂದಿಯೊಡನೆ ಹೋರಾಡಿ ಸತ್ತ ಒಂದು ಬೇಟೆನಾಯಿಯ ಸುದ್ದಿ ಅದರಲ್ಲಿದೆ. ನಾಯಿಯ ಹೆಸರು ಕಾಳಿ. ಇಷ್ಟು ಶತಮಾನ ಕಳೆದರೂ ಓದಬಹುದು.

ಇದನ್ನು ಯಾಕೆ ಹೇಳಿದೆನೆಂದರೆ, ಕೋಪಿಸಿಕೊಳ್ಳಬೇಡಿ, ಅತ್ತೆಯ ಹೆಸರೆತ್ತುವವರಿಲ್ಲ ಎಂದು ನೀವು ಬರೆದ ಆ ನಾಲ್ಕು ಪುಟಗಳನ್ನು ಎರಡು ಸಲ ಹುಡುಕಿದೆ. 'ಅತ್ತೆ' ಎಂದು ಹದಿನೇಳು ಕಡೆ ಇದೆ. ಹೆಸರು ಒಂದು ಕಡೆಯೂ ಇಲ್ಲ. ಮೂರನೆಯ ಪುಟದ ಅಂಚಿನಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೀರಿ. ಗೆರೆ ತೆಳುವಾಗಿತ್ತು, ಓದಿಬಿಟ್ಟೆ: ನಿಮ್ಮೊಡನೆ ಅವರು ಆರು ವರ್ಷ ಮಾತು ಬಿಟ್ಟಿದ್ದರು, ಆದರೂ ನಿಮ್ಮ ಕಾಫಿಗೆ ಮಾತ್ರ ಸಕ್ಕರೆ ಕಡಿಮೆ ಹಾಕಿ ಬೇರೆ ಲೋಟದಲ್ಲಿ ಇಡುತ್ತಿದ್ದರು ಎಂದು.

ತೆಗೆಸಿದ್ದ ಅರ್ಧ ಪುಟವನ್ನು ಕಥೆಗಾರರ ಒಪ್ಪಿಗೆ ಪಡೆದು ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತಿದ್ದೇವೆ. ಅದರ ಎದುರಿನ ಪುಟವನ್ನು ನಿಮಗೆಂದು ಬಿಟ್ಟಿದ್ದೇನೆ. ಆ ಲೋಟದಿಂದ ಶುರುಮಾಡಿ, ಹೆಸರು ಹಾಕಿ ಬರೆಯಿರಿ. 20ನೆಯ ತಾರೀಖಿನೊಳಗೆ ಕೈಸೇರಿದರೆ ಸಾಕು, ಕೈಬರಹವಾದರೂ ನಡೆಯುತ್ತದೆ.